ಹಾಳೂ ಉಳಿಯದ ಅರಮನೆ

ಅಳಿದ ರಾಜ್ಯಗಳ ಕಟ್ಟಡಗಳನ್ನು ನೆನೆಯುವ ಅಭ್ಯಾಸ ಕನ್ನಡಿಗರಾದ ನಮಗೆ ಹೊಸದಲ್ಲ. ತುಂಗಭದ್ರೆಯ ದಂಡೆಯಲ್ಲಿ ಬಂಡೆಗಳ ನಡುವೆ ನಿಂತ ಕಂಬಗಳನ್ನೂ ಮಾಡು ಕಳೆದುಕೊಂಡ ಮಂಟಪಗಳನ್ನೂ ತೋರಿಸಿ ‘ಹಾಳು ಹಂಪೆ’ ಎನ್ನುವಾಗ ಆ ‘ಹಾಳು’ ಎಂಬ ಎರಡಕ್ಷರದಲ್ಲಿ ದುಃಖವೂ ಗೌರವವೂ ಒಂದು ಬಗೆಯ ಸಮಾಧಾನವೂ ಕೂಡಿಬರುತ್ತವೆ. ಶತ್ರುವಿನ ಕೈಗೂ ಕಾಲದ ಕೈಗೂ ಸಿಕ್ಕಿ ಉಳಿದದ್ದು ಅಷ್ಟಾದರೂ ಉಂಟು, ಹೋಗಿ ಕಂಬವನ್ನು ಮುಟ್ಟಿ ಬರಬಹುದು, ಮಕ್ಕಳಿಗೆ ತೋರಿಸಿ ಕಥೆ ಹೇಳಬಹುದು. ಹಾಳೆಂಬುದು ಕೂಡ ಒಂದು ಆಸ್ತಿಯೇ. ಆದರೆ ಯುದ್ಧದಲ್ಲಲ್ಲ, ಶಾಂತಿಯ ಕಾಲದಲ್ಲಿ, ಶಾಸನಸಭೆಯ ನಿರ್ಣಯವನ್ನು ಪಡೆದು, ಗುತ್ತಿಗೆ ಕೊಟ್ಟು, ಖರ್ಚಿನ ಲೆಕ್ಕ ಬರೆದು, ಹಾಳೂ ಉಳಿಯದಂತೆ ಒಂದು ಸಾರ್ವಜನಿಕ ಮಂದಿರವನ್ನು ತೆಗೆದುಹಾಕಿದ ಮೇಲೆ ಅದನ್ನು ನೆನೆಯುವುದು ಹೇಗೆ, ನೆನೆಯುವ ಹಕ್ಕು ಯಾರದು, ಆ ನೆನಪಿಗೆ ನಾವು ಎಷ್ಟರಮಟ್ಟಿಗೆ ನಂಬಿಕೆ ಇಡಬಹುದು ಎಂಬ ಜಿಜ್ಞಾಸೆ ಬೇರೆಯದು. ಈ ಜಿಜ್ಞಾಸೆಗೆ ನಮ್ಮ ಕಾಲದಲ್ಲಿ ಬರ್ಲಿನ್ ನಗರದಷ್ಟು ವಿಸ್ತಾರವಾದ ಸಾಕ್ಷ್ಯವನ್ನು ಒದಗಿಸಿದ ಊರು ಮತ್ತೊಂದು ಇರಲಾರದು.

ಸ್ಪ್ರೀ ನದಿಯ ಎರಡು ಕವಲುಗಳ ನಡುವಣ ದ್ವೀಪದಲ್ಲಿ, ನಗರದ ನಟ್ಟನಡುವೆ, ಹೊಹೆನ್‌ಝೋಲರ್ನ್ ವಂಶದ ದೊರೆಗಳ ಅರಮನೆ ಶತಮಾನಗಳ ಕಾಲ ನಿಂತಿದ್ದಿತು. 1945ರ ಫೆಬ್ರವರಿ 3ರ ಬಾಂಬುದಾಳಿಯಲ್ಲಿ ಅದು ಬೆಂದುಹೋಯಿತು; ಆದರೂ ಗೋಡೆಗಳು ನಿಂತಿದ್ದುವು, ಯುದ್ಧಾನಂತರ ಅದರ ಒಂದು ಭಾಗದಲ್ಲಿ ಕೆಲಕಾಲ ಕಲಾಪ್ರದರ್ಶನಗಳು ಕೂಡ ನಡೆದುವು. ಪೂರ್ವ ಜರ್ಮನಿಯಲ್ಲಿ ಹೊಸದಾಗಿ ಅಧಿಕಾರಕ್ಕೆ ಬಂದ ವಾಲ್ಟರ್ ಉಲ್‌ಬ್ರಿಖ್ಟ್‌ನ ಪಕ್ಷಕ್ಕೆ ಆ ಗೋಡೆಗಳು ಪ್ರಷ್ಯದ ಸೈನಿಕ ದರ್ಪದ ಕುರುಹಾಗಿ ಮಾತ್ರ ಕಂಡುವು. ಕಲಾ ಇತಿಹಾಸಕಾರರು ಬೇಡವೆಂದು ಬೇಡಿಕೊಂಡರೂ ಲಕ್ಷಿಸದೆ, 1950ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಸಿಡಿಮದ್ದಿಟ್ಟು ಅದನ್ನು ಕೆಡಹಿದರು. ಒಂದು ದ್ವಾರವನ್ನು ಮಾತ್ರ ಉಳಿಸಿಕೊಂಡರು. 1918ರ ನವೆಂಬರ್ 9ರಂದು ಕಾರ್ಲ್ ಲೀಬ್‌ಕ್ನೆಖ್ಟ್ ಸಮಾಜವಾದಿ ಗಣರಾಜ್ಯವನ್ನು ಘೋಷಿಸಿದ್ದು ಆ ದ್ವಾರದ ಮೇಲಣ ಮೊಗಸಾಲೆಯಿಂದ ಎಂಬುದೇ ಅದಕ್ಕೆ ಕಾರಣ. ಮುಂದೆ 1964ರಲ್ಲಿ ಪೂರ್ಣಗೊಂಡ ರಾಜ್ಯಪರಿಷತ್ತಿನ ಕಟ್ಟಡದ ಮುಖಭಾಗಕ್ಕೆ ಅದನ್ನು ಜೋಡಿಸಿದರು. ಉಳಿದ ನೆಲ ಮಾರ್ಕ್ಸ್-ಎಂಗೆಲ್ಸ್ ಚೌಕವೆಂಬ ಹೆಸರು ಹೊತ್ತು, ಹಬ್ಬದ ದಿನ ಕವಾಯತಿಗೂ ಮಿಕ್ಕ ದಿನ ಕಾರು ನಿಲ್ಲಿಸುವುದಕ್ಕೂ ಒದಗುತ್ತ, ಇಪ್ಪತ್ತಕ್ಕೂ ಹೆಚ್ಚು ವರ್ಷ ಬಯಲಾಗಿಯೇ ಉಳಿಯಿತು.

ಆ ಬಯಲಿನಲ್ಲಿ 1973ರ ನವೆಂಬರ್ 2ರಂದು ಪಕ್ಷದ ಅಂದಿನ ನಾಯಕ ಎರಿಕ್ ಹೋನೆಕರ್ ಅಡಿಗಲ್ಲಿಟ್ಟನು. ಹೈಂಟ್ಸ್ ಗ್ರಾಫುಂಡರ್ ಎಂಬ ವಾಸ್ತುಶಿಲ್ಪಿಯೂ ಅವನ ಸಂಗಡಿಗರೂ ರೂಪಿಸಿದ ಕಟ್ಟಡ 1976ರ ಏಪ್ರಿಲ್ 23ರಂದು ತೆರೆಯಿತು. ‘ಪಾಲಾಸ್ಟ್ ಡೆರ್ ರೆಪುಬ್ಲಿಕ್’ ಎಂದು ಅದಕ್ಕೆ ನಾಮಕರಣವಾಯಿತು. ಗಣರಾಜ್ಯದ ಅರಮನೆ ಎಂದು ಅರ್ಥ. ಅರಸನಿಲ್ಲದ ನಾಡಿನಲ್ಲಿ ಪ್ರಜೆಯೇ ಅರಸು, ಆದುದರಿಂದ ಪ್ರಜೆಗೊಂದು ಅರಮನೆ ಎಂಬುದು ಕಟ್ಟಿಸಿದವರ ಭಾವ. ಸುಮಾರು 180 ಮೀಟರ್ ಉದ್ದದ ಆ ಆಯತಾಕೃತಿಯ ಕಟ್ಟಡದ ಬಿಳಿಯ ಅಮೃತಶಿಲೆಯ ಹೊದಿಕೆಯ ನಡುವೆ ಕಂಚಿನ ಬಣ್ಣದ ಕನ್ನಡಿಗಾಜಿನ ದೊಡ್ಡ ದೊಡ್ಡ ಹಲಗೆಗಳಿದ್ದುವು. ಸಂಜೆಯ ಹೊತ್ತು ಎದುರಿನ ಮಹಾ ಇಗರ್ಜಿಯ ಗುಮ್ಮಟ ಆ ಗಾಜಿನಲ್ಲಿ ಹೊಂಬಣ್ಣವಾಗಿ ಮೂಡುತ್ತಿದ್ದಿತು.

ಹೊರಗಿನ ನೋಟಕ್ಕಿಂತ ಒಳಗಿನ ವ್ಯವಸ್ಥೆ ವಿಚಾರಾರ್ಹವಾದದ್ದು. ಒಂದು ಪಕ್ಕದಲ್ಲಿ ‘ಫೋಕ್ಸ್‌ಕಾಮರ್’ ಎಂಬ ಜನಪ್ರತಿನಿಧಿ ಸಭೆ. ಇನ್ನೊಂದು ಪಕ್ಕದಲ್ಲಿ ಆರು ಮೂಲೆಗಳ ಮಹಾಮಂದಿರ. ಈ ಮಂದಿರದ ನೆಲದ ಭಾಗಗಳನ್ನು ಯಂತ್ರಬಲದಿಂದ ಎತ್ತಿ ಇಳಿಸಿ ಬೇಕಾದಂತೆ ಕುಗ್ಗಿಸಲೂ ಹಿಗ್ಗಿಸಲೂ ಆಗುತ್ತಿದ್ದಿತು. ಹಿಗ್ಗಿದಾಗ ಅದು ಸುಮಾರು 5,000 ಜನಕ್ಕೆ ಎಡೆಗೊಡುತ್ತಿದ್ದಿತು. ಇವೆರಡರ ನಡುವೆ ವಿಶಾಲವಾದ ಮೊಗಸಾಲೆ. ಅಲ್ಲಿ ಹದಿನಾರು ದೊಡ್ಡ ವರ್ಣಚಿತ್ರಗಳು. ಸಾಮ್ಯವಾದಿಗಳು ಕನಸು ಕಾಣಬಹುದೆ ಎಂಬ ಪ್ರಶ್ನೆಯನ್ನೇ ವಿಷಯವಾಗಿ ಕೊಟ್ಟು ನಾಡಿನ ಚಿತ್ರಕಾರರಿಂದ ಬರೆಸಿದವು. ಮೊಗಸಾಲೆಯ ಮಧ್ಯದಲ್ಲಿ ಸುಮಾರು ಐದು ಮೀಟರ್ ಎತ್ತರದ ಒಂದು ಗಾಜಿನ ಹೂವು: ಉಕ್ಕಿನ ಕಾಂಡದ ಸುತ್ತ ಒಂದರ ಮೇಲೊಂದು ಚಾಚಿದ ಪಾರದರ್ಶಕ ದಳಗಳು, ಮೇಲೆ ನೂರಾರು ದೀಪಗುಂಡುಗಳ ಬೆಳಕು. ‘ಗಾಜಿನ ಹೂವಿನ ಹತ್ತಿರ ಸಿಗು’ ಎಂದರೆ ಅಂದಿನ ಪೂರ್ವ ಬರ್ಲಿನ್ನಿನ ಯುವಕ ಯುವತಿಯರಿಗೆ ಬೇರೆ ಗುರುತು ಹೇಳಬೇಕಾಗಿರಲಿಲ್ಲ. ಹೂವಿನಿಂದಾಚೆಗೆ ಹದಿಮೂರು ಭೋಜನಶಾಲೆಗಳು, ಬೌಲಿಂಗ್ ಆಟದ ಅಂಕಣ, ಒಂದು ನಾಟಕಶಾಲೆ, ನೆಲಮಾಳಿಗೆಯ ಹತ್ತಿರ ಯುವಜನರ ನೃತ್ಯಶಾಲೆ, ಒಂದು ಅಂಚೆಕಚೇರಿ. ದೀಪಗಳ ಸಂಖ್ಯೆಯನ್ನು ನೋಡಿ ಜನ ಅದಕ್ಕೆ ‘ಎರಿಕ್ಕನ ದೀಪದಂಗಡಿ’ ಎಂದು ಅಡ್ಡಹೆಸರಿಟ್ಟರು. ಅಡ್ಡಹೆಸರು ಇಡುವುದೆಂದರೆ ಒಂದು ಬಗೆಯಲ್ಲಿ ಸ್ವಂತ ಮಾಡಿಕೊಳ್ಳುವುದೇ. ನಮಗೆ ಸಂಬಂಧಪಡದ ಮನೆಗೆ ನಾವು ಅಡ್ಡಹೆಸರು ಇಡುವುದಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಅಲ್ಲಿಗೆ ಬಂದುಹೋದವರ ಸಂಖ್ಯೆ ಏಳು ಕೋಟಿಯೆಂದು ಅಂದಾಜು. ನಾಡಿನ ಒಟ್ಟು ಜನಸಂಖ್ಯೆ ಎರಡು ಕೋಟಿಗೂ ಕಡಿಮೆಯಿದ್ದಿತು ಎಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಮಗನು ಪ್ರಾಯಕ್ಕೆ ಬಂದ ವಿಧಿ, ಮಗಳ ಮದುವೆಯ ಊಟ, ಹಿರಿಯರ ಹುಟ್ಟುಹಬ್ಬ, ಇವುಗಳಿಗೆ ಅಲ್ಲಿ ಒಂದು ಮೇಜು ದೊರೆತರೆ ಅದು ಮನೆಯಲ್ಲಿ ಬಹುಕಾಲ ಹೇಳಿಕೊಳ್ಳುವ ಮಾತಾಗುತ್ತಿದ್ದಿತು.

ಇಷ್ಟನ್ನು ಹೇಳಿ ಇನ್ನೊಂದನ್ನು ಹೇಳದಿದ್ದರೆ ಅದು ಸತ್ಯಕ್ಕೆ ಅಪಚಾರ. ಆ ಜನಪ್ರತಿನಿಧಿ ಸಭೆ ಬಹುಕಾಲ ಪಕ್ಷದ ತೀರ್ಮಾನಗಳಿಗೆ ಕೈಯೆತ್ತುವ ಸಭೆಯಾಗಿದ್ದಿತೇ ಹೊರತು ಜನರು ಆರಿಸಿದ ಸಭೆಯಾಗಿರಲಿಲ್ಲ. ನೃತ್ಯಶಾಲೆಯಲ್ಲಿ ಸಂಗೀತ ಕೇಳಿಬರುತ್ತಿದ್ದ ವರ್ಷಗಳಲ್ಲಿಯೇ, ಕೆಲವು ಮೈಲಿಗಳ ಒಳಗೆ, ಬರ್ಲಿನ್ ಗೋಡೆಯನ್ನು ದಾಟಲೆಳಸಿದವರ ಮೇಲೆ ಗುಂಡು ಹಾರುತ್ತಿದ್ದಿತು. 1989ರ ಫೆಬ್ರವರಿಯಷ್ಟು ಈಚೆಗೆ ಇಪ್ಪತ್ತು ವರ್ಷದ ತರುಣನೊಬ್ಬ ಹಾಗೆ ಸತ್ತನು. ಅದೇ ವರ್ಷದ ಅಕ್ಟೋಬರ್ 7ರಂದು, ಗಣರಾಜ್ಯಕ್ಕೆ ನಲವತ್ತು ತುಂಬಿದ ಸಂಭ್ರಮದಲ್ಲಿ, ಅರಮನೆಯೊಳಗೆ ಸೋವಿಯತ್ ನಾಯಕ ಗೊರ್ಬಚೋವ್ ಮೊದಲಾದ ಅತಿಥಿಗಳಿಗೆ ಔತಣ ನಡೆದಿರುವಾಗ ಹೊರಗೆ ಸ್ವಾತಂತ್ರ್ಯ ಬೇಕೆಂದು ಕೂಗಿದವರನ್ನು ಹೊಡೆದು ಎಳೆದೊಯ್ದರು. ಹನ್ನೊಂದು ದಿನಗಳಲ್ಲಿ ಹೋನೆಕರ್ ಪದಚ್ಯುತನಾದನು. ಕಾರಾಗೃಹದಲ್ಲಿ ವರ್ಷಗಳನ್ನು ಕಳೆದವರು, ನೆರೆಯವನೇ ತಮ್ಮ ಮೇಲೆ ವರದಿ ಬರೆಯುತ್ತಿದ್ದನೆಂದು ಕಡತ ತೆರೆದ ಮೇಲೆ ಅರಿತವರು, ಆ ಕಂಚುಗಾಜಿನಲ್ಲಿ ಸೌಂದರ್ಯವನ್ನು ಕಾಣಲಾರದೆ ಹೋದರೆ ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ.

ಆದರೆ ಮುಂದಿನ ವರ್ಷ ಆ ಸಭಾಭವನದಲ್ಲಿ ನಡೆದದ್ದನ್ನೂ ಗಣನೆಗೆ ತರಬೇಕು. 1990ರ ಮಾರ್ಚ್ 18ರಂದು ಪೂರ್ವ ಜರ್ಮನಿಯ ಜನ ಮೊತ್ತಮೊದಲ ಬಾರಿಗೆ ಮುಕ್ತವಾಗಿ ಮತ ಕೊಟ್ಟು ಪ್ರತಿನಿಧಿಗಳನ್ನು ಅಲ್ಲಿಗೆ ಕಳುಹಿಸಿದರು. ಆ ಪ್ರತಿನಿಧಿಗಳು ಆಗಸ್ಟ್ 23ರ ಬೆಳಗಿನ ಜಾವ 62ಕ್ಕೆದುರಾಗಿ 294 ಮತಗಳಿಂದ ತಮ್ಮ ರಾಜ್ಯವನ್ನು ಪಶ್ಚಿಮದ ಗಣರಾಜ್ಯದೊಡನೆ ಸೇರಿಸಲು ನಿಶ್ಚಯಿಸಿದರು. ಒಂದು ರಾಜ್ಯವು ರಕ್ತಪಾತವಿಲ್ಲದೆ, ಚರ್ಚೆ ಮಾಡಿ, ಮತ ಎಣಿಸಿ, ತನ್ನನ್ನು ತಾನೇ ಮುಗಿಸಿಕೊಂಡ ಸ್ಥಳ ಅದು. ಸರ್ವಾಧಿಕಾರದ ಕುರುಹೆಂದು ಅದನ್ನು ಕೆಡಹಿದವರು ಜರ್ಮನರ ಪ್ರಜಾತಂತ್ರದ ಒಂದು ಪವಿತ್ರ ಸ್ಥಾನವನ್ನೂ ಜೊತೆಯಲ್ಲಿಯೇ ಕೆಡಹಿದರು. ಕಾರ್ಲ್ ಲೀಬ್‌ಕ್ನೆಖ್ಟ್‌ನ ಒಂದು ಭಾಷಣಕ್ಕಾಗಿ ಉಲ್‌ಬ್ರಿಖ್ಟ್‌ನು ಒಂದು ದ್ವಾರವನ್ನಾದರೂ ಉಳಿಸಿದನು; ಈ 294 ಮತಗಳಿಗಾಗಿ ಸಭಾಭವನದ ಒಂದು ಗೋಡೆಯನ್ನಾದರೂ ಉಳಿಸಬಹುದಾಗಿದ್ದಿತು ಎಂದು ನನ್ನ ಮನಸ್ಸಿಗೆ ಮತ್ತೆ ಮತ್ತೆ ತೋರುತ್ತದೆ.

ಅರಮನೆಯ ಬಾಗಿಲು ಮುಚ್ಚಿದ್ದು ಆ ನಿರ್ಣಯವಾದ ಒಂದು ತಿಂಗಳೊಳಗೆ, 1990ರ ಸೆಪ್ಟೆಂಬರ್ 19ರಂದು. ಕಾರಣ ಕಲ್ನಾರು. ಬೆಂಕಿಯಿಂದ ಉಕ್ಕಿನ ಹಂದರವನ್ನು ಕಾಪಾಡಲೆಂದು ಸುಮಾರು 5,000 ಟನ್ ಕಲ್ನಾರನ್ನು ಅದರ ಮೇಲೆ ಸಿಂಪಡಿಸಿದ್ದರು. ಅದರ ಎಳೆ ಉಸಿರಿನೊಡನೆ ಒಳಸೇರಿದರೆ ಶ್ವಾಸಕೋಶಕ್ಕೆ ಮಾರಕ. ಭಯ ನಿಜವಾದದ್ದೇ. 1998ರಿಂದ 2003ರವರೆಗೆ ಕಟ್ಟಡವನ್ನು ಎಲುಬಿನವರೆಗೂ ಕೆರೆದು ಆ ವಿಷವನ್ನು ತೆಗೆದರು. ಕೆಡಹುವ ಕಾಲದಲ್ಲಿಯೂ ಅಲ್ಲಲ್ಲಿ ಉಳಿಕೆ ಸಿಕ್ಕಿತು. ಆದರೆ ವಿಷ ಹೋದ ಮೇಲೆ ನಿಂತ ಹಂದರಕ್ಕೆ ಬೇರೊಂದು ಬಾಳು ಸಾಧ್ಯವಿದ್ದಿತು. 2004 ಮತ್ತು 2005ರಲ್ಲಿ ಕಲಾವಿದರು ಅದನ್ನು ಮಾಡಿಯೂ ತೋರಿಸಿದರು: ಬರಿ ಉಕ್ಕಿನ ನಡುವೆ ನಾಟಕ ಆಡಿದರು, ಕೆಳಗಿನ ಅಂತಸ್ತಿಗೆ ನೀರು ಬಿಟ್ಟು ದೋಣಿ ನಡೆಸಿದರು, ನಾರ್ವೆಯ ಲಾರ್ಸ್ ರಾಮ್‌ಬೆರ್ಗ್ ಎಂಬ ಕಲಾವಿದನು ಮಾಡಿನ ಮೇಲೆ ‘ಸಂಶಯ’ ಎಂಬರ್ಥದ ಜರ್ಮನ್ ಪದವನ್ನು ಬೆಳಗುವ ಭಾರಿ ಅಕ್ಷರಗಳಲ್ಲಿ ನಿಲ್ಲಿಸಿದನು. ಪಶ್ಚಿಮ ಬರ್ಲಿನ್ನಿನಲ್ಲಿ 1979ರಲ್ಲಿ ತೆರೆದ ಅಂತರರಾಷ್ಟ್ರೀಯ ಸಮ್ಮೇಳನ ಭವನದಲ್ಲಿಯೂ ಕಲ್ನಾರು ಇದ್ದಿತು. ಅದನ್ನು ಯಾರೂ ಕೆಡಹಲಿಲ್ಲ, 2019ರಲ್ಲಿ ಅದು ಸಂರಕ್ಷಿತ ಸ್ಮಾರಕವೂ ಆಯಿತು. ಪೂರ್ವದವರು ಈ ಹೋಲಿಕೆಯನ್ನು ಎತ್ತಿ ಆಡುವಾಗ ಅವರ ಕಂಠದಲ್ಲಿ ಕಾಣುವ ನೋವು ಕಟ್ಟಡಕ್ಕಷ್ಟೇ ಸಂಬಂಧಿಸಿದ್ದಲ್ಲ. ಗೆದ್ದವನ ಮನೆಯ ರೋಗಕ್ಕೆ ಮದ್ದು, ಸೋತವನ ಮನೆಯ ರೋಗಕ್ಕೆ ಗುದ್ದಲಿ ಎಂಬ ಅಪಮಾನದ್ದು.

ಕೆಡಹುವುದಕ್ಕೆ ನಿಜವಾದ ಪ್ರೇರಣೆ ಬೇರೊಂದು ನೆನಪಿನಿಂದ ಬಂದಿತೆಂಬುದೇ ಈ ಪ್ರಕರಣದ ಮರ್ಮ. 1950ರಲ್ಲಿ ಕಳೆದುಹೋದ ರಾಜಗೃಹಕ್ಕೂ ಶೋಕಿಸುವವರಿದ್ದರು. 1993ರಲ್ಲಿ ಆ ರಾಜಗೃಹದ ಅಭಿಮಾನಿಗಳು ಚೌಕದಲ್ಲಿ ಹಂದರ ನಿಲ್ಲಿಸಿ, ಅದರ ಮುಖವನ್ನು ನಿಜಗಾತ್ರದಲ್ಲಿ ಬಟ್ಟೆಯ ಮೇಲೆ ಬರೆಯಿಸಿ ತೂಗುಹಾಕಿದಾಗ, ನಾಲ್ವತ್ತು ವರ್ಷಗಳ ಹಿಂದೆ ಹೋದದ್ದು ಮರಳಿ ಬಂದಂತೆ ನಗರ ಬೆರಗಾಯಿತು. 2002ರ ಜುಲೈ 4ರಂದು ಜರ್ಮನ್ ಪಾರ್ಲಿಮೆಂಟು ದೊಡ್ಡ ಬಹುಮತದಿಂದ ಹಳೆಯ ಮುಖವನ್ನು ಮತ್ತೆ ಕಟ್ಟಲು ಒಪ್ಪಿತು. 2006ರ ಫೆಬ್ರವರಿಯಿಂದ 2008ರ ಡಿಸೆಂಬರಿನವರೆಗೆ ಗಣರಾಜ್ಯದ ಅರಮನೆಯನ್ನು ಬಿಚ್ಚಿದರು. ಇಟಲಿಯ ಫ್ರಾಂಕೊ ಸ್ಟೆಲ್ಲಾ ರಚಿಸಿದ ಹೊಸ ಕಟ್ಟಡ, ಮೂರು ಪಾರ್ಶ್ವಗಳಲ್ಲಿ ಹಳೆಯ ರಾಜಗೃಹದ ಮುಖವನ್ನೂ ಸ್ಪ್ರೀ ನದಿಯ ಕಡೆಗೆ ಬರಿಯ ಆಧುನಿಕ ಗೋಡೆಯನ್ನೂ ಧರಿಸಿ, ಹುಂಬೋಲ್ಟ್ ಫೋರಂ ಎಂಬ ಹೆಸರಿನಿಂದ 2021ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಒಂದು ನೆನಪನ್ನು ಎತ್ತಿ ನಿಲ್ಲಿಸಲು ಇನ್ನೊಂದು ನೆನಪನ್ನು ನೆಲಸಮ ಮಾಡಬೇಕಾಯಿತು. 1950ರ ತಪ್ಪನ್ನು ತಿದ್ದುವೆವೆಂದು ಹೊರಟವರು ಅದೇ ತಪ್ಪನ್ನು ಅದೇ ನೆಲದಲ್ಲಿ ಮತ್ತೊಮ್ಮೆ ಮಾಡಿದರೆಂಬುದು ನನ್ನ ದೃಢವಾದ ಅಭಿಪ್ರಾಯ. ಹೊಸ ಗೋಡೆಯ ಶಿಲ್ಪಕೌಶಲವನ್ನು ನಾನು ಅಲ್ಲಗಳೆಯುತ್ತಿಲ್ಲ; ಶಿಲ್ಪಿಗಳು ಶ್ರದ್ಧೆಯಿಂದಲೇ ಕೆತ್ತಿದ್ದಾರೆ. ಆದರೆ ಆ ಗೋಡೆ ನಡುವಣ ನಾಲ್ವತ್ತು ವರ್ಷಗಳು ನಡೆಯಲೇ ಇಲ್ಲವೆಂಬಂತೆ ಮಾತಾಡುತ್ತದೆ, ಆ ನಾಲ್ವತ್ತು ವರ್ಷ ಬದುಕಿದವರು ಇನ್ನೂ ಅದರ ಮುಂದೆಯೇ ನಡೆದುಹೋಗುತ್ತಿದ್ದಾರೆ.

ಎಲ್ಲ ಕೆಡಹುವಿಕೆಯೂ ಒಂದೇ ತೂಕದ್ದಲ್ಲ. ಕೊರಿಯದ ಸೋಲ್ ನಗರದಲ್ಲಿ ಜಪಾನೀಯರು ತಮ್ಮ ಆಳ್ವಿಕೆಯ ಕಾಲದಲ್ಲಿ ಗವರ್ನರ್-ಜನರಲನ ಕಚೇರಿಯನ್ನು ಕಟ್ಟಿ 1926ರಲ್ಲಿ ಪೂರೈಸಿದರು. ಎಲ್ಲಿ ಕಟ್ಟಿದರು? ಕೊರಿಯದ ಅರಸರ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಆವರಣದಲ್ಲಿ, ಸಿಂಹಾಸನದ ಮಂದಿರ ಊರಿನ ಕಣ್ಣಿಗೆ ಬೀಳದಂತೆ ಅಡ್ಡಲಾಗಿ. ಆ ಕಟ್ಟಡದ ಸ್ಥಾನವೇ ಒಂದು ಬೈಗುಳವಾಗಿದ್ದಿತು. ಆದರೂ 1948ರಲ್ಲಿ ಸ್ವತಂತ್ರ ಗಣರಾಜ್ಯದ ಸ್ಥಾಪನೆಯನ್ನು ಸಾರಿದ್ದು ಅದರ ಮುಂದೆಯೇ. 1986ರಿಂದ ಅದು ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಆಗಿದ್ದಿತು. ವಿಮೋಚನೆಗೆ ಐವತ್ತು ವರ್ಷ ತುಂಬಿದ 1995ರ ಆಗಸ್ಟ್ 15ರಂದು ಅಧ್ಯಕ್ಷ ಕಿಮ್ ಯಂಗ್-ಸಾಮ್‌ನ ಸರ್ಕಾರ ಅದರ ಗೋಪುರದ ಶಿಖರವನ್ನು ಕಳಚಿಸಿತು; ಮರುವರ್ಷ ಕಟ್ಟಡವೆಲ್ಲ ಹೋಯಿತು. ಕಳಚಿದ ಶಿಖರವನ್ನು ಅವರು ಒಡೆದು ಎಸೆಯಲಿಲ್ಲ. ಚೊನಾನ್ ಎಂಬಲ್ಲಿರುವ ಸ್ವಾತಂತ್ರ್ಯ ಸ್ಮಾರಕದ ಉದ್ಯಾನದಲ್ಲಿ, ಐದು ಮೀಟರ್ ಆಳಕ್ಕೆ ನೆಲ ತಗ್ಗಿಸಿ, ಅದರ ತಳದಲ್ಲಿ ಇಟ್ಟರು. ಒಂದು ಕಾಲಕ್ಕೆ ಕತ್ತೆತ್ತಿ ನೋಡಬೇಕಾಗಿದ್ದ ತುದಿಯನ್ನು ಈಗ ಕೊರಿಯದ ಶಾಲೆಯ ಮಗು ಕಟ್ಟೆಯಂಚಿನಲ್ಲಿ ನಿಂತು ಕತ್ತು ಬಗ್ಗಿಸಿ ನೋಡುತ್ತದೆ. ಸುತ್ತಲೂ ಕೆತ್ತನೆಯ ಕಲ್ಲುಗಳು ಮಳೆಬಿಸಿಲಿಗೆ ಬಿದ್ದಿವೆ. ಇಲ್ಲಿ ಕೋಪವಿದೆ, ಆದರೆ ಮರೆವು ಇಲ್ಲ. ಕಟ್ಟಡವನ್ನು ಕೆಡಹಿ ನೆನಪಿಗೆ ಒಂದು ಹಳ್ಳ ತೋಡಿಕೊಟ್ಟ ಈ ಕ್ರಮ, ಏನೂ ನಡೆದಿಲ್ಲವೆಂದು ಹಳೆಯ ಮುಖವನ್ನು ಅಂಟಿಸುವ ಕ್ರಮಕ್ಕಿಂತ ನನಗೆ ಪ್ರಾಮಾಣಿಕವಾಗಿ ಕಾಣುತ್ತದೆ.

ಮಾಸ್ಕೋದಲ್ಲಿ 1931ರಲ್ಲಿ ಸಿಡಿಸಿದ ಕ್ರಿಸ್ತ ರಕ್ಷಕನ ಮಹಾಮಂದಿರದ ಸ್ಥಳದಲ್ಲಿ ಕಟ್ಟಬೇಕೆಂದಿದ್ದ ಸೋವಿಯತ್ತರ ಅರಮನೆ ಏಳಲೇ ಇಲ್ಲ, ಈಜುಕೊಳವಾಯಿತು, ಕೊನೆಗೆ 2000ದಲ್ಲಿ ಹಳೆಯ ಮಂದಿರವೇ ಹೊಸದಾಗಿ ನಿಂತಿತು. ಆ ಕೊಳದಲ್ಲಿ ಈಜು ಕಲಿತ ಒಂದು ತಲೆಮಾರಿನವರಿಗೂ ಈಗ ತಮ್ಮ ಬಾಲ್ಯದ ಗುರುತಿಲ್ಲ. ನಮ್ಮಲ್ಲಿಯೂ ಬೆಂಗಳೂರಿನ ಅಠಾರಾ ಕಚೇರಿಯನ್ನು, ಪರರ ಆಳ್ವಿಕೆಯಲ್ಲಿ 1860ರ ದಶಕದಲ್ಲಿ ಎದ್ದ ಆ ಕೆಂಪು ಕಟ್ಟಡವನ್ನು, 1980ರ ದಶಕದಲ್ಲಿ ಕೆಡಹುವ ಯೋಚನೆ ನಡೆದಿದ್ದಿತು. ನಾಗರಿಕರು ಎದ್ದು ನಿಂತು ತಡೆದರು, ಇಂದು ಅಲ್ಲಿ ನಮ್ಮ ಉಚ್ಚ ನ್ಯಾಯಾಲಯ ಕುಳಿತಿದೆ. ಕಟ್ಟಿದವನ ಉದ್ದೇಶಕ್ಕೆ ಕಟ್ಟಡ ಕೊನೆಯವರೆಗೂ ಬದ್ಧವಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಡ.

ಕೆಡಹಿದ ಮನೆಯ ಸಾಮಗ್ರಿ ಎಲ್ಲಿಗೆ ಹೋಗುತ್ತದೆ ಎಂಬುದು ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆ. ಶ್ರೀರಂಗಪಟ್ಟಣದಲ್ಲಿ ರಂಗನಾಥನ ಗುಡಿಗೆ ಸಮೀಪದಲ್ಲಿ ಟಿಪ್ಪುವಿನ ಲಾಲ್ ಮಹಲು ನಿಂತಿದ್ದ ಜಾಗಕ್ಕೆ ಹೋದರೆ ಅರಮನೆಯೆನ್ನಬಹುದಾದುದು ಏನೂ ಕಾಣುವುದಿಲ್ಲ. 1799ರ ತರುವಾಯ ಇಂಗ್ಲಿಷರು ಅದನ್ನು ಬಿಚ್ಚಿದರು. ಅಲ್ಲಿನ ಮರ ಘಟ್ಟ ಹತ್ತಿ ಉದಕಮಂಡಲಕ್ಕೆ ಹೋಗಿ, 1830ರಲ್ಲಿ ಅಲ್ಲಿ ಪ್ರತಿಷ್ಠಿತವಾದ ಸಂತ ಸ್ಟೀಫನ್ನನ ಇಗರ್ಜಿಯ ಮಾಡನ್ನು ಹೊತ್ತಿತು. ಒಂದು ಮಧ್ಯಾಹ್ನ ಆ ಇಗರ್ಜಿಯ ಬೆಂಚಿನಲ್ಲಿ ಕುಳಿತು ನಾನು ಆ ತೊಲೆಯನ್ನು ಬಹಳ ಹೊತ್ತು ನೋಡಿದೆ. ಬಣ್ಣಗಾಜಿನ ಬೆಳಕು ಗೋಡೆಯ ಮೇಲೆ ನಿಧಾನವಾಗಿ ಸರಿಯುತ್ತಿದ್ದಿತು, ಮರ ಕಪ್ಪಾಗಿ ತಂಪಾಗಿ ಮೇಲೆ ಮಲಗಿದ್ದಿತು. ಪ್ರಾರ್ಥನೆಗೆ ಬಂದವರಿಗೆ ಅದು ಬರಿಯ ಮಾಡು. ಕಾವೇರಿಯ ನಡುಗಡ್ಡೆಯಿಂದ ಹೋದವನಿಗೆ ಮಾತ್ರ ಅದು ಬೇರೊಂದು ಮನೆಯ ಮರ. ಬರ್ಲಿನ್ನಿನ ಅರಮನೆಯ ಉಕ್ಕನ್ನೂ ಕರಗಿಸಿ ಮಾರಿದರು. ಅದರ ಒಂದು ಭಾಗ ದುಬಾಯಿಗೆ ಹೋಗಿ ಬುರ್ಜ್ ಖಲೀಫಾ ಗೋಪುರಕ್ಕೆ ಸೇರಿತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ನಮ್ಮ ಕರಾವಳಿಯಿಂದ ಆ ಊರಿಗೆ ದುಡಿಯಲು ಹೋದ ಎಷ್ಟೋ ಮಂದಿ ಆ ಗೋಪುರದ ಬುಡದಲ್ಲಿ ನಿಂತು ಮನೆಯವರಿಗೆ ಭಾವಚಿತ್ರ ಕಳುಹಿಸಿರಬೇಕು. ಬೆನ್ನ ಹಿಂದಣ ಉಕ್ಕಿಗೆ ಎಂಥ ಪೂರ್ವಜನ್ಮವಿದೆಯೆಂದು ಅವರಿಗೆ ಯಾರು ಹೇಳಬೇಕು?

ಪೂರ್ವದವರ ಈ ನೆನಪನ್ನು ಹಳೆಯ ಆಳ್ವಿಕೆಯ ಮೇಲಣ ಮೋಹವೆಂದು ತಳ್ಳಿಹಾಕುವವರು ಬಹಳ. ಪೂರ್ವ ಎಂಬರ್ಥದ ‘ಓಸ್ಟ್’ ಪದಕ್ಕೆ ಗತಕಾಲದ ಹಂಬಲವನ್ನು ಹೊಲಿದು ಜರ್ಮನರು ‘ಓಸ್ಟಾಲ್ಗಿ’ ಎಂಬ ಹೆಸರನ್ನೇ ಮಾಡಿಕೊಂಡಿದ್ದಾರೆ. ಮೋಹವುಳ್ಳವರೂ ಇದ್ದಾರೆ, ಇಲ್ಲವೆನ್ನಲಾಗದು. ಆದರೆ ಮೊದಲ ಬಾರಿ ಕೈ ಹಿಡಿದು ಗಾಜಿನ ಹೂವಿನ ಹತ್ತಿರ ನಿಂತದ್ದನ್ನು ನೆನೆಯುವ ವೃದ್ಧೆ ಹೋನೆಕರನನ್ನು ನೆನೆಯುತ್ತಿಲ್ಲ. ಅವಳು ತನ್ನ ಯೌವನವನ್ನು ನೆನೆಯುತ್ತಿದ್ದಾಳೆ, ಅದು ಕಳೆದದ್ದು ಆ ಮನೆಯಲ್ಲಿ, ಬೇರೆ ಮನೆಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಕಾರಾಗೃಹ ಕಂಡವನ ನೆನಪನ್ನೂ ಅವಳ ನೆನಪನ್ನೂ ಒಂದೇ ಜಗುಲಿಯಲ್ಲಿ ಕೂರಿಸಿ, ಒಬ್ಬರ ಮಾತಿಗೆ ಇನ್ನೊಬ್ಬರು ಕಿವಿಗೊಡುವಂತೆ ಮಾಡುವುದಕ್ಕೆ ಆ ಕಟ್ಟಡವೇ ಯೋಗ್ಯವಾದ ಜಗುಲಿಯಾಗಿದ್ದಿತು. 2024ರಲ್ಲಿ ಹುಂಬೋಲ್ಟ್ ಫೋರಂನವರು ತಮ್ಮ ಮನೆಯೊಳಗೆ, ತಾವು ಯಾವುದರ ಜಾಗದಲ್ಲಿ ನಿಂತಿರುವರೋ ಆ ಅರಮನೆಯನ್ನು ಕುರಿತು ದೊಡ್ಡ ಪ್ರದರ್ಶನವನ್ನು ಏರ್ಪಡಿಸಿ ಜನರ ಬಾಯಿಂದ ಅದರ ಕಥೆಗಳನ್ನು ಹೇಳಿಸಿದರು. ತಡವಾಗಿಯಾದರೂ ಅದು ಒಳ್ಳೆಯ ಕೆಲಸವೆಂದು ನಾನು ಭಾವಿಸುತ್ತೇನೆ.

ಕೆಡಹುವ ಕೆಲಸದ ವಿವರಗಳನ್ನು ಓದುತ್ತಿರುವಾಗ ಒಂದು ಸಂಗತಿ ನನ್ನ ಗಮನವನ್ನು ಹಿಡಿದು ನಿಲ್ಲಿಸಿತು. ಆ ದ್ವೀಪದ ನೆಲ ಜೌಗು; ಅಗೆದರೆ ಬೇಗನೆ ನೀರು. ಆದುದರಿಂದ ಅರಮನೆಯನ್ನು ಭಾರಿ ಕಾಂಕ್ರೀಟಿನ ತೊಟ್ಟಿಯೊಂದರೊಳಗೆ ಕೂರಿಸಿದ್ದರು. ಕೆಳಗಿನ ನೀರು ತೊಟ್ಟಿಯನ್ನು ಮೇಲಕ್ಕೆ ಒತ್ತುತ್ತಿದ್ದಿತು, ಮೇಲಣ ಕಟ್ಟಡದ ಭಾರ ಅದನ್ನು ಅದುಮಿ ಹಿಡಿದಿದ್ದಿತು. ಭಾರವನ್ನು ಏಕಾಏಕಿ ತೆಗೆದರೆ ತೊಟ್ಟಿ ಏಳುತ್ತದೆ, ನೆಲದ ನೀರು ಸರಿದಾಡುತ್ತದೆ, ಪಕ್ಕದ ಮಹಾ ಇಗರ್ಜಿಯ ಬುನಾದಿ ಕದಲುತ್ತದೆ ಎಂದು ಎಂಜಿನಿಯರುಗಳು ಲೆಕ್ಕಹಾಕಿದರು. ಸಿಡಿಮದ್ದಿಗೆ ಅಲ್ಲಿ ಎಡೆಯಿರಲಿಲ್ಲ. ಎರಡು ವರ್ಷಗಳಿಗೂ ಮಿಕ್ಕಿ, ತುಂಡು ತುಂಡಾಗಿ, ಮೇಲಿನಿಂದ ಉಕ್ಕನ್ನು ಇಳಿಸುತ್ತ ಬಂದರು. ಇಳಿದ ಭಾರಕ್ಕೆ ಬದಲಾಗಿ ಕೆಳಗಣ ತೊಟ್ಟಿಗೆ ಮರಳನ್ನು ತುಂಬುತ್ತ ಹೋದರು.